ಪದ ಪರಿಚಯ: ಕೌಲ್ ಟ್ಯಾಗ್

ನವಾಬರ ಕಾಲದ ಕೌಲು‌ಪತ್ರಕ್ಕೂ ಇದಕ್ಕೂ ನಂಟಿಲ್ಲ. ಆ ಕೌಲು ಅರಬ್ಬಿ ಮೂಲದ್ದು. ಇಂಗ್ಲಿಷಿನ ಕೌಲ್ ಲ್ಯಾಟಿನ್ನಿನ 'ಕುಕುಲ್ಲಸ್'ನಿಂದ ಇಳಿದು ಬಂದದ್ದು, ಅರ್ಥ ಕ್ರೈಸ್ತ ಸನ್ಯಾಸಿಗಳ ಮುಸುಕು. ಮುಚ್ಚುವ ಗುಣದಿಂದಲೇ ಅದು ಕಾರಿನ ಮುಂಗಾಜಿಗೂ ಬಾನೆಟ್ಟಿಗೂ ನಡುವಿನ ಭಾಗದ ಹೆಸರಾಯಿತು. ಅಲ್ಲಿ ರಿವೆಟ್ ಹೊಡೆದು ಕೂರಿಸಿದ ಲೋಹದ ಪಟ್ಟಿಯೇ ಕೌಲ್ ಟ್ಯಾಗ್.

ಜನರಲ್ ಮೋಟಾರ್ಸ್ ಕಾರುಗಳ ಮಾತು ಇದು. ಕ್ರೈಸ್ಲರ್ ಅಭಿಮಾನಿಗಳು 'ಫೆಂಡರ್ ಟ್ಯಾಗ್' ಎನ್ನುತ್ತಾರೆ.

1966ರ ಸೆಪ್ಟೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮೊದಲ ಷೆವ್ರೊಲೆ ಕಮಾರೊದ ಪಟ್ಟಿಯನ್ನೇ ನೋಡಿ. 'ಎನ್ಒಆರ್' ಎಂದಿದ್ದರೆ ಒಹಾಯೊದ ನಾರ್‌ವುಡ್ ಕಾರ್ಖಾನೆ, 'ಎಲ್ಒಎಸ್' ಎಂದಿದ್ದರೆ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್. '11ಸಿ' ಎಂದರೆ ನವೆಂಬರಿನ ಮೂರನೇ ವಾರ. ಮಾದರಿ ಸಂಖ್ಯೆಯ ಕೊನೆಗೆ 37 ಬಂದರೆ ಕೂಪೆ, 67 ಬಂದರೆ ಮಡಚುವ ಟಾಪಿನ ಕಾರು. ಬಣ್ಣ, ಸೀಟಿನ ಹೊದಿಕೆಗೂ ಸಂಕೇತಗಳುಂಟು.

ನಿಜವಾದ ಸ್ವಾರಸ್ಯ ಬೇರೆ ಇದೆ. 1967ರ ಮಾದರಿಯ ಪಟ್ಟಿಗಳಲ್ಲಿ ಎಸ್‌ಎಸ್, ಜೆಡ್/28ನಂಥ ವಿಶೇಷ ಆವೃತ್ತಿಗಳ ಸುಳಿವು ಸಿಗುತ್ತದೆ. 1968ರಲ್ಲಿ ಅದೂ ಮಾಯ. 1967ರ ಜೆಡ್/28 ಕಾರುಗಳು ಕೇವಲ 602. ಹಾಗಾಗಿಯೇ ನಕಲಿ ಪಟ್ಟಿಗಳ ಹಾವಳಿ! ಪಟ್ಟಿಯ ಮೇಲಿನ ಬಾಡಿ ಸಂಖ್ಯೆಯನ್ನೇ ವಾಹನದ ಗುರುತಿನ ಸಂಖ್ಯೆಯೆಂದು ತಿಳಿಯುವವರೂ ಇದ್ದಾರೆ. ಆ ಗುರುತಿನ ಸಂಖ್ಯೆ 1967ರ ಕಾರಿನಲ್ಲಿ ಚಾಲಕನ ಬಾಗಿಲಿನ ಕೀಲುಕಂಬದ ಮೇಲಿರುತ್ತದೆ. ಕೊಳ್ಳುವವರು ಎರಡನ್ನೂ ನೋಡಿಯೇ ಮಾತು ಮುಂದುವರಿಸಬೇಕು.