ಹಿಮ ಬೀಳುವ ಮುನ್ನ ಹಿತ್ತಲ ಟೊಮೆಟೊ ಕಾಯಿ ಉಳಿಸಿಕೊಳ್ಳುವುದು



ನೀಲಗಿರಿಯ ಎತ್ತರದ ಊರುಗಳಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ಹಿಮದ ಭಯ. ತಮಿಳಿನಲ್ಲಿ ‘ಉರೈಪನಿ’ ಎನ್ನುವ ಇದು, ಬೆಳಿಗ್ಗೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಕಾಣುತ್ತದೆ. ಟೊಮೆಟೊ ಗಿಡ ಒಂದೇ ರಾತ್ರಿಗೆ ಕಪ್ಪಾಗಿ ಜೋತುಬೀಳುತ್ತದೆ. ಹಿಮ ತಾಗಿದ ಕಾಯಿ ನೀರುನೀರಾಗಿ ಕೊಳೆಯುತ್ತದೆ, ಹಣ್ಣಾಗುವುದಿಲ್ಲ. ‘ಇನ್ನೆರಡು ದಿನ ಬಿಸಿಲು ಕಾಣಲಿ’ ಎಂದು ಗಿಡದಲ್ಲೇ ಬಿಟ್ಟು ನಾನೂ ಒಂದು ವರ್ಷ ಎರಡು ಬುಟ್ಟಿ ಕಾಯಿ ಕಳೆದುಕೊಂಡೆ. ಆದ್ದರಿಂದ ಈ ಮಾಹಿತಿ.

ಯಾವಾಗ ಕೀಳಬೇಕು?
ಮೋಡವಿಲ್ಲದ ಆಕಾಶ, ಗಾಳಿಯಿಲ್ಲದ ಸಂಜೆ, ಕತ್ತಲಾಗುತ್ತಲೇ ಏರುವ ಚಳಿ – ಇವು ಮೂರೂ ಸೇರಿದರೆ ಕಾಯಬೇಡಿ. ತಣ್ಣನೆಯ ಗಾಳಿ ಕೆಳಗಿಳಿದು ನಿಲ್ಲುವುದರಿಂದ ತಗ್ಗಿನ ಹಿತ್ತಲಿಗೆ ಮೊದಲ ಪೆಟ್ಟು. ಒಂದೆರಡು ರಾತ್ರಿಯ ಮಟ್ಟಿಗೆ ಗೋಣಿ ಅಥವಾ ಹಳೆಯ ಸೀರೆ ಹೊದಿಸಿ, ಬೆಳಿಗ್ಗೆ ತೆಗೆಯಬಹುದು.

ಬಲಿತ ಕಾಯಿ ಯಾವುದು?
ಪೂರ್ಣ ಗಾತ್ರಕ್ಕೆ ಬಂದು, ಹೊಳಪಿದ್ದು, ತುದಿ ಸ್ವಲ್ಪ ಬಿಳಿಚಿದ್ದರೆ ಬಲಿತಿದೆ. ಅನುಮಾನವಿದ್ದರೆ ಒಂದನ್ನು ಅಡ್ಡಲಾಗಿ ಕೊಯ್ದು ನೋಡಿ. ಒಳಗೆ ಲೋಳೆಯಿದ್ದು ಬೀಜ ಚಾಕುವಿಗೆ ಸಿಗದೆ ಜಾರಿದರೆ ಅಂಥ ಕಾಯಿ ಹಣ್ಣಾಗುತ್ತದೆ. ಬೀಜವೂ ತುಂಡಾದರೆ ಅದು ಎಳೆಯದು.

ಹಣ್ಣು ಮಾಡುವ ಕ್ರಮ
1. ಗಾಯವಾದದ್ದು, ಹುಳು ಬಿದ್ದದ್ದು ಬೇರೆ ಮಾಡಿ. ಒದ್ದೆಯಿದ್ದರೆ ಒರೆಸಿ.
2. ಪೆಟ್ಟಿಗೆಯಲ್ಲಿ ಒಂದೇ ಪದರವಾಗಿ ಜೋಡಿಸಿ, ಮೇಲೆ ಪೇಪರ್ ಹೊದಿಸಿ.
3. ಜೊತೆಗೆ ಒಂದು ಮಾಗಿದ ಬಾಳೆಹಣ್ಣು ಇಡಿ. ಅದರಿಂದ ಹೊರಡುವ ಎಥಿಲೀನ್ ಅನಿಲ ಕಾಯಿಯನ್ನು ಬೇಗ ಮಾಗಿಸುತ್ತದೆ.
4. 18ರಿಂದ 22 ಡಿಗ್ರಿ ಸೆಲ್ಸಿಯಸ್ ಉತ್ತಮ. ನೀಲಗಿರಿಯ ಮನೆಗಳಲ್ಲಿ ಅಡುಗೆಮನೆಯೇ ಸೂಕ್ತ. ಬೆಳಕು ಬೇಕಿಲ್ಲ, ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ.
5. ಎರಡು ದಿನಕ್ಕೊಮ್ಮೆ ನೋಡಿ, ಕೊಳೆತದ್ದನ್ನು ತೆಗೆಯಿರಿ. ಎರಡು-ಮೂರು ವಾರದಲ್ಲಿ ಹೆಚ್ಚಿನವು ಕೆಂಪಾಗುತ್ತವೆ. ಗಿಡದಲ್ಲೇ ಮಾಗಿದ ಹಣ್ಣಿನ ರುಚಿ ಬಾರದಿದ್ದರೂ ಸಾರಿಗೆ, ಗೊಜ್ಜಿಗೆ ಧಾರಾಳ.

ಎಳೆಗಾಯಿ
ಇವು ಹಣ್ಣಾಗುವುದಿಲ್ಲ, ಆದರೆ ಎಸೆಯಬೇಕಿಲ್ಲ. ಸೊಲ್ಲಾಪುರ, ಜತ್ತ ಕಡೆಯ ನಮ್ಮ ಮನೆಗಳಲ್ಲಿ ಮಾಡುವಂತೆ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಜೊತೆ ಎಣ್ಣೆಯಲ್ಲಿ ಹುರಿದು, ಹುರಿದ ಶೇಂಗಾ ಸೇರಿಸಿ ಕುಟ್ಟಿದರೆ ರೊಟ್ಟಿಗೆ ಒಳ್ಳೆಯ ಚಟ್ನಿ. ಟೊಮೆಟೊ ಎಲೆ, ಕಾಂಡ ಮಾತ್ರ ತಿನ್ನತಕ್ಕದ್ದಲ್ಲ.

ಬಯಲುಸೀಮೆಯ ಸದಸ್ಯರಿಗೆ: ಗಿಡ ಕಿತ್ತುಹಾಕುವಾಗ ಉಳಿಯುವ ಕಾಯಿಗೂ ಇದೇ ಕ್ರಮ. ಆದರೆ 30 ಡಿಗ್ರಿ ದಾಟಿದರೆ ಕೆಂಪು ಬಣ್ಣ ಸರಿಯಾಗಿ ಬಾರದೆ ಹಳದಿಯಾಗಿಯೇ ಉಳಿಯುತ್ತದೆ. ಮನೆಯ ತಂಪು ಮೂಲೆಯಲ್ಲಿಡಿ.

– ಕಾರ್ಯದರ್ಶಿ