ಖಾಲಿ ಜಾಗದ ಜಗಳ

1893ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯದ ಹೊರೇಸ್ ಹಾರ್ಟ್ ಅವರು ಅಚ್ಚುಮೊಳೆ ಜೋಡಿಸುವ ತಮ್ಮ ಕೆಲಸಗಾರರಿಗಾಗಿ ಒಂದು ಪುಟ್ಟ ನಿಯಮಾವಳಿಯನ್ನು ಅಚ್ಚು ಹಾಕಿಸಿದರು. ಎರಡು ಬಗೆಯ ಕಾಗುಣಿತವಿದ್ದರೆ ಯಾವುದು, ಸಾಲಿನ ಕೊನೆಯಲ್ಲಿ ಪದವನ್ನು ಒಡೆಯುವುದು ಹೇಗೆ ಎಂಬಂಥ ಪ್ರಶ್ನೆಗಳನ್ನು ಪ್ರತಿ ಪುಸ್ತಕಕ್ಕೂ ಹೊಸದಾಗಿ ಚರ್ಚಿಸಬೇಕಾಗಿ ಬರಲಿಲ್ಲ. ಇಂಗ್ಲಿಷ್ ಸಾಹಿತ್ಯ ಓದಿದ ನಮ್ಮಂಥವರಿಗೆ ಈ ಪುಸ್ತಿಕೆ ಪರಿಚಿತ. ಇದೇ ಕಥೆ ಕಂಪ್ಯೂಟರ್ ಲೋಕದಲ್ಲಿ ಮರುಕಳಿಸಿದ್ದನ್ನು ಬಲ್ಲವರು ಕಡಿಮೆ.

ಯಂತ್ರವೊಂದು ಹೇಗೆ ನಡೆಯಬೇಕೆಂದು ಬರೆದಿಡುವ ಕಾನ್ಫಿಗರೇಷನ್ ಕಡತಗಳಲ್ಲಿ ಖಾಲಿ ಜಾಗ ಕೇವಲ ಅಲಂಕಾರವಲ್ಲ. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ 'ಮೇಕ್' ಎಂಬ ಸಾಧನವನ್ನು ರಚಿಸಿದಾಗ, ಆದೇಶದ ಸಾಲು ಟ್ಯಾಬ್‌ನಿಂದಲೇ ಆರಂಭವಾಗಬೇಕೆಂದು ವಿಧಿಸಿದರು. ಟ್ಯಾಬ್ ಮತ್ತು ಸ್ಪೇಸ್ ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಇದು ತೊಡಕೆಂದು ತಿಳಿಯುವ ಹೊತ್ತಿಗೆ ಸುಮಾರು ಹನ್ನೆರಡು ಬಳಕೆದಾರರಿದ್ದರು. ಅವರಿಗೆ ತೊಂದರೆಯಾಗದಿರಲೆಂದು ಅವರು ಅದನ್ನು ಹಾಗೆಯೇ ಬಿಟ್ಟರು. ಆ ಹನ್ನೆರಡು ಜನರ ಮೇಲಿನ ದಾಕ್ಷಿಣ್ಯಕ್ಕೆ ಲಕ್ಷಾಂತರ ಜನ ಇಂದಿಗೂ ಬೆಲೆ ತೆರುತ್ತಿದ್ದಾರೆ.

ಬರಹವನ್ನು ಯಂತ್ರವೇ ಒಪ್ಪಗೊಳಿಸಲೆಂಬ ಪ್ರಯತ್ನವೂ ಹಳೆಯದೇ. 1983ರ 4.2 ಬಿಎಸ್‌ಡಿಯೊಂದಿಗೆ 'ಇಂಡೆಂಟ್' ಬಂದಿತು. ಆದರೆ ಅದಕ್ಕೆ ಆಯ್ಕೆಗಳು ಹತ್ತಾರು. ಆವರಣವನ್ನು ಎಲ್ಲಿಡಬೇಕು, ಎಷ್ಟು ಒಳಸರಿಸಬೇಕು ಎಂಬುದೆಲ್ಲ ಬಳಸುವವರ ಇಷ್ಟ. ಹೀಗಾಗಿ ಜಗಳ ಬರಹದಿಂದ ಆಯ್ಕೆಗಳ ಪಟ್ಟಿಗೆ ವರ್ಗಾವಣೆಯಾಯಿತು, ಅಷ್ಟೆ. ಟಿಪ್ಪಣಿಯ ವಿಷಯಕ್ಕಿಂತ ಅದರ ಅಂಚಿನ ಅಗಲದ ಬಗ್ಗೆ ಹೆಚ್ಚು ಹೊತ್ತು ಚರ್ಚೆ ನಡೆಯುವುದನ್ನು ಕಂಡ ಸರ್ಕಾರಿ ನೌಕರರಾದ ನಮಗೆ ಇದು ವಿಚಿತ್ರವೆನಿಸದು.

ಆಯ್ಕೆಯನ್ನೇ ತೆಗೆದುಹಾಕುವ ಧೈರ್ಯ ಮಾಡಿದ್ದು 2009ರಲ್ಲಿ ಗೂಗಲ್ ಹೊರತಂದ 'ಗೋ' ಭಾಷೆ. ರಾಬರ್ಟ್ ಗ್ರೀಸ್‌ಮರ್ ಬರೆದ 'ಗೋಫ್‌ಎಂಟಿ'ಯಲ್ಲಿ ಶೈಲಿಯ ವಿಷಯದಲ್ಲಿ ಬಳಕೆದಾರರ ಮಾತಿಗೆ ಅವಕಾಶವಿಲ್ಲ. ಯಾರಿಗೂ ಪೂರ್ಣ ತೃಪ್ತಿಯಿಲ್ಲ, ಆದರೆ ವಾದವೂ ಇಲ್ಲ. 2014ರಲ್ಲಿ ಹ್ಯಾಶಿಕಾರ್ಪ್ ಸಂಸ್ಥೆ ಗೋ ಭಾಷೆಯಲ್ಲೇ ಬರೆದು ಬಿಡುಗಡೆ ಮಾಡಿದ 'ಟೆರಾಫಾರ್ಮ್' ಈ ಮನೋಧರ್ಮವನ್ನು ಕಾನ್ಫಿಗರೇಷನ್ ಕಡತಗಳಿಗೂ ತಂದಿತು. ಕಮಾಂಡ್ ಲೈನ್‌ನಲ್ಲಿ 'ಟೆರಾಫಾರ್ಮ್ ಎಫ್‌ಎಂಟಿ' ಎಂದರೆ ಸಾಕು: ಒಳಸರಿತ ಎರಡು ಸ್ಪೇಸ್, ಒಂದರ ಕೆಳಗೊಂದು ಬರುವ ಸಾಲುಗಳಲ್ಲಿ ಸಮಚಿಹ್ನೆಗಳು ಒಂದೇ ನೇರದಲ್ಲಿ. 'ಚೆಕ್' ಎಂಬ ಸೂಚನೆ ಸೇರಿಸಿದರೆ ಕಡತವನ್ನು ಮುಟ್ಟದೆ, ಅದು ನಿಯಮದಂತಿದೆಯೇ ಇಲ್ಲವೇ ಎಂದಷ್ಟೇ ವರದಿ ಮಾಡುತ್ತದೆ.

ಸಮಚಿಹ್ನೆಗಳ ಈ ಸಾಲು ನೋಡಲು ಚೆಂದ. ನಮಗೆ ಮಾತ್ರ ಅದು ಒಪ್ಪಿಗೆಯಿಲ್ಲ. ಗುಂಪಿಗೆ ಉದ್ದನೆಯ ಹೆಸರೊಂದು ಸೇರಿದರೆ ಪಕ್ಕದ ಸಾಲುಗಳೆಲ್ಲ ಜರುಗುತ್ತವೆ. ಒಂದು ಸಾಲಿನ ಬದಲಾವಣೆ ಹತ್ತು ಸಾಲಿನದಾಗಿ ಕಾಣುತ್ತದೆ. ಸರ್ವರ್‌ಗಳನ್ನು ಹುಟ್ಟಿಸುವ, ಅಳಿಸುವ ಕಡತಗಳಿವು. ಪರಿಶೀಲಿಸುವವರ ಕಣ್ಣಿಗೆ ತಪ್ಪಿದ ಆ ಒಂದು ನಿಜವಾದ ಬದಲಾವಣೆ ಇಡೀ ದತ್ತಾಂಶವನ್ನೇ ನುಂಗಬಲ್ಲದು.

ಇನ್ನೊಂದು ನಷ್ಟವಿದೆ, ಇತಿಹಾಸಪ್ರಿಯರಾದ ನಮ್ಮನ್ನು ಅದು ಹೆಚ್ಚು ಕಾಡುತ್ತದೆ. ಯಾವ ಸಾಲನ್ನು ಯಾರು, ಎಂದು ಬರೆದರೆಂಬುದನ್ನು 'ಗಿಟ್' ನೆನಪಿಟ್ಟುಕೊಳ್ಳುತ್ತದೆ. ಹಳೆಯ ಕಡತಗಳನ್ನೆಲ್ಲ ಒಮ್ಮೆಲೇ ಒಪ್ಪಗೊಳಿಸಿದರೆ, ಅಲ್ಲಿ ಜರುಗಿದ ಪ್ರತಿ ಸಾಲಿನ ಮುಂದೆಯೂ ಒಪ್ಪಗೊಳಿಸಿದವರ ಹೆಸರೇ ನಿಲ್ಲುತ್ತದೆ, ಪ್ರತಿ ತೆಗೆದ ಲಿಪಿಕಾರನೇ ಕವಿಯೆನಿಸಿಕೊಂಡಂತೆ. ಇದಕ್ಕೆ ಪರಿಹಾರವಾಗಿ, ಆಯ್ದ ಬದಲಾವಣೆಗಳನ್ನು ಲೆಕ್ಕಕ್ಕೆ ಹಿಡಿಯದಿರುವ ಸೌಲಭ್ಯ 2019ರ ಆಗಸ್ಟ್‌ನಲ್ಲಿ ಗಿಟ್ 2.23ರೊಂದಿಗೆ ಬಂದಿತು.

2023ರ ಆಗಸ್ಟ್‌ನಲ್ಲಿ ಹ್ಯಾಶಿಕಾರ್ಪ್ ಟೆರಾಫಾರ್ಮ್‌ನ ಪರವಾನಗಿಯನ್ನು ಬದಲಿಸಿದಾಗ ಸಮುದಾಯ ಒಡೆದು 'ಓಪನ್‌ಟೋಫು' ಹುಟ್ಟಿಕೊಂಡಿತು. ಅಲ್ಲಿಯೂ ಎಫ್‌ಎಂಟಿ ಆದೇಶ ಉಳಿದಿದೆ, ಅವೇ ಎರಡು ಸ್ಪೇಸ್‌ಗಳೊಂದಿಗೆ.