ತೆಂಗಿನ ತೋಟದ ಪರೋಪಜೀವಿ ಕಣಜಗಳು: ಒಂದು ನಾಮಚರಿತ್ರೆ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಗಳಲ್ಲಿ ತೆಂಗು ರೈತನಿಗೆ ಆಧಾರವಾದ ಬೆಳೆ. ಗರಿಗಳ ಹಸುರನ್ನು ಕೆರೆದು ತಿಂದು, ತೋಟವೇ ಸುಟ್ಟುಹೋಯಿತೆಂಬಂತೆ ಮಾಡುವ ಕಪ್ಪುತಲೆ ಹುಳುವನ್ನು ತೆಂಗಿನ ಸೀಮೆಯವರು ಬಲ್ಲರು. ಆ ಹುಳುವಿಗೆ ಶತ್ರುಗಳಾದ ಸೂಕ್ಷ್ಮ ಕಣಜಗಳು ವಿಜ್ಞಾನದಲ್ಲಿ ಹೆಸರು ಪಡೆದ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಇಂತಹ ಕೀಟಗಳ ನಿರ್ಣಯವು ಸುಲಭಸಾಧ್ಯವಲ್ಲ. ದೇಹದ ಉದ್ದ ಕೆಲವೇ ಮಿಲಿಮೀಟರು. ರೆಕ್ಕೆಯ ನರ, ಮೀಸೆಯ ಗಣ್ಣುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿಯೇ ಪ್ರಭೇದವನ್ನು ಹೇಳಬೇಕು. ಕಳೆದ ಶತಮಾನದ ಪೂರ್ವಾರ್ಧದಲ್ಲಿ ಈ ನಿರ್ಣಯಗಳು ಪರದೇಶದ ತಜ್ಞರಿಂದಲೇ ಬಂದವು. 1921ರಲ್ಲಿ ವಾಷಿಂಗ್ಟನ್ನಿನ ರೋವರ್ ಅವರು ಎಲಾಸ್ಮಸ್ ನೆಫಾಂಟಿಡಿಸ್ ಎಂಬ ಕಣಜವನ್ನು ವರ್ಣಿಸಿದರು. 1930ರಲ್ಲಿ ಫೆರಿಯೆ ಅವರು ಟ್ರೈಕೋಸ್ಪೈಲಸ್ ಪ್ಯೂಪಿವೋರವನ್ನೂ, 1934ರಲ್ಲಿ ವಾಷಿಂಗ್ಟನ್ನಿನವರೇ ಆದ ಮ್ಯೂಸ್‌ಬೆಕ್ ಅವರು ಪೆರಿಸಿರೋಲ ನೆಫಾಂಟಿಡಿಸ್ ಎಂಬುದನ್ನೂ ಹೆಸರಿಸಿದರು. ಈ ಕೊನೆಯದೇ ಇಂದು ನಮ್ಮ ರೈತರು ಗೋನಿಯೋಜಸ್ ಎಂದು ಕರೆಯುವ ಕಣಜ.

ಇಲ್ಲೊಂದು ವಿಚಿತ್ರವುಂಟು. ನೆಫಾಂಟಿಡಿಸ್ ಎಂಬ ಪದವು, ಮೇರಿಕ್ ಅವರು 1905ರಲ್ಲಿ ಈ ಪತಂಗಕ್ಕೆ ಕೊಟ್ಟ ನೆಫಾಂಟಿಸ್ ಸೆರಿನೋಪ ಎಂಬ ನಾಮದಿಂದ ಬಂದುದು. ಆದರೆ ವಾಕರ್ ಅವರು 1864ರಲ್ಲಿಯೇ ಓಪಿಸಿನ ಅರೆನೋಸೆಲ್ಲ ಎಂದು ವರ್ಣಿಸಿದ್ದುದೂ ಇದೇ ಪತಂಗವೆಂದು 1981ರಲ್ಲಿ ಬೆಕರ್ ಅವರು ತೋರಿಸಿಕೊಟ್ಟರು. ಪೂರ್ವನಾಮಕ್ಕೆ ಮನ್ನಣೆ ದೊರೆತು ಪತಂಗದ ಹೆಸರು ಬದಲಾಯಿತು. ಅದರ ಶತ್ರುಗಳ ಹೆಸರಿನಲ್ಲಿ ಮಾತ್ರ ಹಳೆಯದು ಉಳಿಯಿತು. ರಾಮಚಂದ್ರರಾವ್, ಚೆರಿಯನ್, ಅನಂತನಾರಾಯಣನ್ ಅವರು ದಕ್ಷಿಣ ಭಾರತದಲ್ಲಿ ಈ ಪಿಡುಗಿನ ಜೈವಿಕ ನಿಯಂತ್ರಣವನ್ನು ಕುರಿತು 1948ರಲ್ಲಿ ಪ್ರಕಟಿಸಿದ ಲೇಖನವು ಹಳೆಯ ನಾಮದಲ್ಲಿಯೇ ಇದೆ. ಹೊಸ ನಾಮವನ್ನಷ್ಟೇ ಹಿಡಿದು ಹುಡುಕುವ ವಿದ್ಯಾರ್ಥಿಗೆ ಅದು ಕಾಣದೆ ಹೋಗಬಹುದು.

ಈ ವಿಚಾರವು ಗ್ರಂಥಾಲಯಕ್ಕಷ್ಟೇ ಸಂಬಂಧಿಸಿದುದಲ್ಲ. ಗೋನಿಯೋಜಸ್ ಬೆಳೆದ ಮರಿಹುಳುವನ್ನು ಕುಟುಕಿ ನಿಶ್ಚೇಷ್ಟಗೊಳಿಸಿ, ಅದರ ಮೈಮೇಲೆ ಮೊಟ್ಟೆಯಿಟ್ಟು ತನ್ನ ಸಂತಾನವನ್ನು ಕಾಯುತ್ತದೆ. ಎಲಾಸ್ಮಸ್ ಕೋಶಾವಸ್ಥೆಗೆ ಸಿದ್ಧವಾದ ಹುಳುವನ್ನು ಆಶ್ರಯಿಸುತ್ತದೆ. ಟ್ರೈಕೋಸ್ಪೈಲಸ್ ಕೋಶವನ್ನೇ ಹಿಡಿಯುತ್ತದೆ. ಆದುದರಿಂದ ಒಂದನ್ನು ಮತ್ತೊಂದೆಂದು ಭ್ರಮಿಸಿ ಅಕಾಲದಲ್ಲಿ ಬಿಟ್ಟರೆ ರೈತನ ಹಣವೂ ಶ್ರಮವೂ ವ್ಯರ್ಥ.

1957ರಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರವು ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಇಂದು ಅದೇ ನಗರದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಲ್ಲಿ ಇಂತಹ ನಿರ್ಣಯಗಳು ನಡೆಯುತ್ತಿವೆ. ವಾಷಿಂಗ್ಟನ್ನಿನಿಂದ ಬರಬೇಕಾಗಿದ್ದ ಉತ್ತರವು ಈಗ ತುಮಕೂರಿಗೆ ಸಮೀಪದಲ್ಲಿಯೇ ದೊರೆಯುವಂತಾಗಿದೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಸುತ್ತಲಿನ ತೋಟಗಳಲ್ಲಿ ಸಂಗ್ರಹಿಸುವ ಪ್ರತಿಯೊಂದು ಕಣಜದೊಡನೆ ಸ್ಥಳ, ದಿನಾಂಕ, ಆಶ್ರಯ ಕೀಟದ ಅವಸ್ಥೆ ಇವಿಷ್ಟನ್ನು ಬರೆದಿಟ್ಟರೆ, ಈ ಚರಿತ್ರೆಯ ಮುಂದಿನ ಅಧ್ಯಾಯಕ್ಕೆ ಸಾಮಗ್ರಿ ಸಿದ್ಧವಾಗುತ್ತದೆ.